ಹಾಸಿಗೆಗೆ ಹಣವುಂಟು, ವ್ಯಾಯಾಮಕ್ಕಿಲ್ಲ

ಭದ್ರಾವತಿಯಲ್ಲಿರುವ ನನ್ನ ಭಾವನವರಿಗೆ ಸಿ.ಒ.ಪಿ.ಡಿ. ಎಂಬ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ. ಬೀಡಿಯ ಫಲ. ಕಳೆದ ವರ್ಷ ಅವರು ಆಸ್ಪತ್ರೆಯಿಂದ ಮರಳಿದಾಗ ಬಂಧುಗಳೆಲ್ಲ ಹೇಳಿದ್ದು ಒಂದೇ ಮಾತು: ‘ಆಯಾಸ ಮಾಡಿಕೊಳ್ಳಬೇಡಿ’. ನಾನೂ ಅದನ್ನೇ ಹೇಳಿದೆ. ಮೂರು ತಿಂಗಳಲ್ಲಿ ಅವರಿಗೆ ಬಚ್ಚಲುಮನೆಗೆ ಹೋಗಿಬರುವುದೂ ಪ್ರಯಾಸವಾಯಿತು.

ನಮ್ಮ ಉಪದೇಶವೇ ತಪ್ಪಾಗಿತ್ತು. ಏದುಸಿರಿಗೆ ಹೆದರಿದ ರೋಗಿ ನಡೆಯುವುದನ್ನು ಬಿಡುತ್ತಾನೆ. ಬಳಕೆಯಿಲ್ಲದ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಅಷ್ಟೇ ಕೆಲಸಕ್ಕೆ ಇನ್ನೂ ಹೆಚ್ಚು ಉಸಿರನ್ನು ಬೇಡುತ್ತದೆ. ವ್ಯಾಯಾಮವು ಕೆಟ್ಟ ಶ್ವಾಸಕೋಶವನ್ನು ಸರಿಪಡಿಸದು, ಆದರೆ ಕಾಲಿಗೆ ಬಲ ತುಂಬುತ್ತದೆ. 65 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಕಾಕ್ರೇನ್ ಸಮೀಕ್ಷೆ, ಇಂತಹ ಪುನಶ್ಚೇತನದಿಂದ ಏದುಸಿರು, ದಣಿವು ತಗ್ಗುತ್ತವೆಂದು ಕಂಡುಕೊಂಡಿತು.

ಬಳಿಕ ಭಾವನವರು ವಾರಕ್ಕೆರಡು ದಿನ ಶಿವಮೊಗ್ಗದ ಫಿಸಿಯೊಥೆರಪಿ ಕೇಂದ್ರವೊಂದಕ್ಕೆ ಬರತೊಡಗಿದರು. ಮಧ್ಯಾಹ್ನದ ಊಟ ಆಲ್ಕೊಳದ ನಮ್ಮ ಮನೆಯಲ್ಲಿ. ಮೊದಲ ದಿನ ಆರು ನಿಮಿಷದಲ್ಲಿ ಅವರು ನಡೆದದ್ದು 190 ಮೀಟರ್, ಎಂಟು ವಾರಗಳ ನಂತರ 245. ಮಾಡಿಸಿದ್ದಾದರೂ ಏನು? ಕುರ್ಚಿಯಿಂದ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ತುಟಿ ಕಿರಿದು ಮಾಡಿ ಉಸಿರು ಬಿಡುವುದು. ಯಂತ್ರವೆಂದರೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲೊಂದು ವಿಪರ್ಯಾಸ ಕಾಣುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುತ್ತದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ರೋಗಿ ಮತ್ತೆ ದಾಖಲಾಗದಂತೆ ನೋಡಿಕೊಳ್ಳುವ ಈ ಎಂಟು ವಾರಗಳ ಬಸ್ಸಿನ ಖರ್ಚು, ಜೊತೆಗೆ ಬರುವವರ ದಿನಗೂಲಿ ಎಲ್ಲವೂ ಮನೆಯವರದೇ. 2023ರ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ನನ್ನ ಅಕ್ಕನಿಗೆ ಪ್ರಯಾಣ ಉಚಿತ. ಟಿಕೆಟ್ ಕೊಳ್ಳಬೇಕಾದವರು ರೋಗಿ! ಸೇವೆಯಲ್ಲಿದ್ದಾಗ ನಾನೂ ಹಾಸಿಗೆಗಳ ಸಂಖ್ಯೆಯನ್ನೇ ಸಾಧನೆಯೆಂದು ವರದಿ ಬರೆದವನು.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಯೋಗ ತರಗತಿಗೆ ಅವಕಾಶವಿದೆ. ಕೋವಿಡ್ ಕಾಲದಲ್ಲಿ ಆಕ್ಸಿಮೀಟರ್ ಹಳ್ಳಿಹಳ್ಳಿಗೂ ಪರಿಚಿತವಾಯಿತು. ವೈದ್ಯರು ರೋಗಿಯ ಹೃದಯ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ, ದೊಡ್ಡ ಆಸ್ಪತ್ರೆಯ ಫಿಸಿಯೊಥೆರಪಿಸ್ಟ್ ಒಬ್ಬರು ವಾರಕ್ಕೊಮ್ಮೆ ಇಂತಹ ಕೇಂದ್ರಕ್ಕೆ ಬಂದು ಕಲಿಸಿದರೆ, ಉಳಿದ ದಿನ ಅಲ್ಲಿನ ಸಿಬ್ಬಂದಿ ನಡೆಸಿಕೊಂಡು ಹೋಗಬಹುದು.

ಮಳೆ ಹಿಡಿದ ಮೇಲೆ ಭಾವನವರು ಬರುವುದು ನಿಂತಿದೆ. ಮನೆಯಲ್ಲೇ ಮಾಡುತ್ತೇನೆ ಎನ್ನುತ್ತಾರೆ. ಮಾಡುತ್ತಿಲ್ಲವೆಂದು ಅಕ್ಕ ಫೋನಿನಲ್ಲಿ ಹೇಳುತ್ತಾಳೆ.