ಹೆಜ್ಜಾರ್ಲೆಗೂ ಒಂದು ಬಳಗ!

ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿ ಅಗಲ. ಕೊಕ್ಕಿನ ಕೆಳಗೆ ಜೋತುಬಿದ್ದ ಚೀಲ. ಇಂಥ ದೈತ್ಯ ಹಕ್ಕಿಯೊಂದು ಮನೆ ಹಿತ್ತಿಲಿನ ಹುಣಸೆಮರದ ಮೇಲೆ ಕೂತಿದೆ! ಒಂದೇ ಅಂದುಕೊಂಡು ಕತ್ತೆತ್ತಿದರೆ ಕೊಂಬೆ ಕೊಂಬೆಗೂ ಗೂಡು, ಗೂಡು ಗೂಡಿಗೂ ಗಲಾಟೆ. ಅದೇ ಮರದ ಬುಡದಲ್ಲಿ ಹಸು ಮೆಲುಕು ಹಾಕುತ್ತಿದೆ, ಹಗ್ಗದ ಮೇಲೆ ಸೀರೆ ಒಣಗುತ್ತಿದೆ, ಸ್ಕೂಟರೊಂದು ಹಾರನ್ ಹೊಡೆದುಕೊಂಡು ಪಕ್ಕದಲ್ಲೇ ಹಾದುಹೋಗುತ್ತದೆ. ಹಕ್ಕಿ ಕತ್ತು ಕೂಡ ತಿರುಗಿಸುವುದಿಲ್ಲ. ಮನುಷ್ಯನ ನೆರಳು ಕಂಡರೆ ಹಾರಿಹೋಗಬೇಕಾದ ಕಾಡುಜೀವ, ಮನುಷ್ಯರ ಅಂಗಳವನ್ನೇ ಹುಡುಕಿಕೊಂಡು ಬಂದು ಸಂಸಾರ ಹೂಡಿದೆ!

ಇದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಹತ್ತು ಹನ್ನೆರಡು ಕಿಲೋಮೀಟರು. ಸಮೀಪದಲ್ಲೇ ಶಿಂಷಾ ಹೊಳೆ. ಮಳೆಗಾಲ ಮುಗಿಯುತ್ತಿದ್ದಂತೆ ಹೆಜ್ಜಾರ್ಲೆಗಳು (ಆ ಚೀಲದ ಕೊಕ್ಕಿನ ಪೆಲಿಕನ್‌ಗಳು) ಬರುತ್ತವೆ, ಆಮೇಲೆ ಬಣ್ಣದ ಕೊಕ್ಕರೆಗಳು. ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮರಿ ಬೆಳೆಸಿ, ಬೇಸಿಗೆ ಕಳೆಯುವ ಹೊತ್ತಿಗೆ ಹೊರಟುಬಿಡುತ್ತವೆ. ಇಲ್ಲಿ ಹಕ್ಕಿಗೂ ಜನಕ್ಕೂ ನಡುವೆ ಬೇಲಿ ಇರಲಿಲ್ಲ, ಟಿಕೆಟ್ ಕೌಂಟರೂ ಇರಲಿಲ್ಲ. ರಂಗನತಿಟ್ಟು ಪಕ್ಷಿಧಾಮದಲ್ಲಾದರೆ ಸುತ್ತ ಕಾವೇರಿಯ ನೀರು ಕಾವಲಿಗಿದೆ. ಇಲ್ಲಿ ಕಾವಲಿಗೆ ಇದ್ದದ್ದು ಊರೇ.

ಎಷ್ಟು ಕಾಲದಿಂದ? ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲೇ ಬ್ರಿಟಿಷ್ ವೈದ್ಯ, ಪಕ್ಷಿಶಾಸ್ತ್ರಜ್ಞ ಜರ್ಡನ್ ಈ ಪ್ರಾಂತದ ಹೆಜ್ಜಾರ್ಲೆಗಳ ಬಗ್ಗೆ ಬರೆದಿಟ್ಟಿದ್ದರು. ಊರವರು ಹೇಳುವ ಕಥೆ ಇನ್ನೂ ರೋಚಕವಾಗಿದೆ. ಹಳೆಯ ಊರು ಹೊಳೆಯ ದಡದಲ್ಲಿತ್ತಂತೆ. 1916ರ ಸುಮಾರಿಗೆ ಪ್ಲೇಗ್ ಬಂತು, ಜನ ಮನೆಮಠ ಬಿಟ್ಟು ಈಗಿನ ಜಾಗಕ್ಕೆ ಬಂದು ನೆಲೆಸಿದರು. ಹಕ್ಕಿಗಳು ಅಲ್ಲೇ ಉಳಿದವೇ? ಇಲ್ಲ! ಜನರ ಬೆನ್ನು ಹಿಡಿದು ಹೊಸ ಊರಿಗೇ ಬಂದವು! ಹಕ್ಕಿಗಳು ಆರಿಸಿಕೊಂಡದ್ದು ಮರವನ್ನೋ, ಜನರನ್ನೋ? ಊರಿನ ಹಿರಿಯರಿಗೆ ಈ ಪ್ರಶ್ನೆಯೇ ತಮಾಷೆಯಾಗಿ ಕಾಣುತ್ತದೆ. ಅವರ ಪ್ರಕಾರ ಇವು ಬಾಣಂತನಕ್ಕೆಂದು ತವರಿಗೆ ಬರುವ ಹೆಣ್ಣುಮಕ್ಕಳು. ತವರು ಎಲ್ಲಿಗೆ ಹೋದರೆ ಮಗಳೂ ಅಲ್ಲಿಗೇ ಬರುತ್ತಾಳೆ, ಅದರಲ್ಲಿ ಕೇಳುವುದೇನಿದೆ?

ಹೊರಗಿನ ಲೋಕಕ್ಕೆ ಇದು ಸರಿಯಾಗಿ ಗೊತ್ತಾದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರಿಂದ. (ಮುಂದೆ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಗಿಡ ನೆಡಿಸಿದವರೂ ಇದೇ ಪುಣ್ಯಾತ್ಮ.) ಆಗ ಎಲ್ಲರ ಬಾಯಲ್ಲೂ ಬಂದ ಪ್ರಶ್ನೆ ಒಂದೇ: ಈ ಜನಕ್ಕೆ ಇದರಿಂದ ಏನು ಸಿಗುತ್ತದೆ?

ಸಿಗುವುದರ ಮಾತು ಆಮೇಲೆ. ಮೊದಲು ಕಳೆದುಕೊಳ್ಳುವುದನ್ನು ನೋಡಿ. ಗೂಡು ಕಟ್ಟಿದ ಹುಣಸೆಮರವನ್ನು ಬಡಿಯುವಂತಿಲ್ಲ, ಹಾಗಾಗಿ ಆ ವರ್ಷದ ಹುಣಸೆಹಣ್ಣಿಗೆ ಎಳ್ಳುನೀರು. ಹಕ್ಕಿಗಳು ಮರಿಗೆಂದು ತಂದ ಮೀನು ಜಾರಿ ಹೆಂಚಿನ ಮೇಲೆ ಬಿದ್ದು ಕೊಳೆಯುತ್ತದೆ. ಹಿಕ್ಕೆ ಸುಣ್ಣದ ನೀರಿನ ಹಾಗೆ ಸುರಿಯುತ್ತದೆ. ನಡು ಬೇಸಿಗೆಯಲ್ಲಿ ಊರೊಳಗೆ ಕಾಲಿಟ್ಟರೆ ಮೂಗಿಗೆ ಹೊಡೆಯುವ ಆ ಮೀನುನಾತವನ್ನು ಫೋಟೊಗಳು ಯಾವತ್ತೂ ತೋರಿಸುವುದಿಲ್ಲ. ಅದರಲ್ಲೇ ಊಟ, ಅದರಲ್ಲೇ ನಿದ್ದೆ, ಅದರಲ್ಲೇ ಮಕ್ಕಳ ಪರೀಕ್ಷೆಯ ಓದು!

ಇನ್ನು ಸಿಗುವುದು. ಮರದ ಬುಡದಲ್ಲಿ ಗುಂಡಿ ತೋಡಿ, ಅದಕ್ಕೆ ಬಿದ್ದ ಹಿಕ್ಕೆಯನ್ನು ಕೆರೆಗೋಡಿನ ಜೊತೆ ಬೆರೆಸಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಹಕ್ಕಿ ಬಂದ ವರ್ಷ ಮಳೆಬೆಳೆ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆ ಬೇರೆ. ಅದೂ ಪೂರ್ತಿ ಮೂಢನಂಬಿಕೆಯೇನಲ್ಲ. ಕೆರೆ ತುಂಬಿ ಮೀನು ಹೆಚ್ಚಿದ್ದರೆ ತಾನೇ ಹೆಜ್ಜಾರ್ಲೆ ಬಂದು ಮೊಟ್ಟೆ ಇಡುವುದು!

ಅಚ್ಚರಿಯ ಇನ್ನೊಂದು ಪದರ ಬಿಚ್ಚಿಕೊಳ್ಳುವುದು ಮರಿಯೊಂದು ಕೆಳಗೆ ಬಿದ್ದಾಗ. ಹೆಜ್ಜಾರ್ಲೆಯ ಗೂಡೆಂದರೆ ಕಡ್ಡಿ ಪೇರಿಸಿದ ಒಂದು ತಟ್ಟೆ, ಅಷ್ಟೇ. ಗಾಳಿ ಜೋರಾಗಿ ಬೀಸಿದರೆ, ಒಡಹುಟ್ಟುಗಳು ತಳ್ಳಾಡಿದರೆ, ಮರಿ ನೆಲಕ್ಕೆ. ಬಿದ್ದ ಮರಿಗೆ ತಾಯಿ ಕೆಳಗಿಳಿದು ಬಂದು ಉಣಿಸುವುದಿಲ್ಲ. ಮಾರು ದೂರದ ಕೊಂಬೆಯಲ್ಲಿ ಅಮ್ಮ ಕೂತಿದ್ದರೂ ಆ ಮರಿ ಅನಾಥ. ನಾಯಿಯ ಬಾಯಿಗೋ ಹಸಿವಿಗೋ ಸಿಕ್ಕಿ ಸಾಯಬೇಕು.

ಆಗ ಬರುತ್ತಾರೆ ಹುಡುಗರು! 1994ರ ಹೊತ್ತಿಗೆ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಒತ್ತಾಸೆಯಿಂದ ಊರಿನ ಯುವಕರೇ ಸೇರಿ ಕಟ್ಟಿಕೊಂಡ ಗುಂಪು ‘ಹೆಜ್ಜಾರ್ಲೆ ಬಳಗ’. ಬಿದ್ದ ಮರಿಯನ್ನು ಎತ್ತಿಕೊಂಡು ಬರುವುದು, ಗಾಯವಿದ್ದರೆ ಆರೈಕೆ ಮಾಡುವುದು, ಜಾಲರಿ ಹಾಕಿದ ಆವರಣದಲ್ಲಿ ಬಿಟ್ಟು ಮೀನು ತಿನ್ನಿಸುವುದು, ರೆಕ್ಕೆ ಬಲಿತ ಮೇಲೆ ಹಾರಿಬಿಡುವುದು. ಹೇಳುವಷ್ಟು ಸುಲಭದ ಕೆಲಸವಲ್ಲ. ಮರಿ ತಾನಾಗಿ ಹಾರಲು ಸುಮಾರು ಮೂರು ತಿಂಗಳು ಬೇಕು. ಅದರ ಹಸಿವಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಮೀನು ಎಲ್ಲಿಂದಾದರೂ ಬರಲೇಬೇಕು. ಸಂಬಳ? ಇಲ್ಲ.

ಯಾಕೆ ಮಾಡುತ್ತಾರೆ?

ಇಲ್ಲಿಂದ ಒಮ್ಮೆ ಸ್ವಿಟ್ಜರ್ಲೆಂಡಿಗೆ ಹಾರಬೇಕು. ಯಾಕೆಂದರೆ ಈ ಪ್ರಶ್ನೆಗೆ ಮೈ ಜುಮ್ಮೆನ್ನಿಸುವ ಸುಳಿವೊಂದು ಅಲ್ಲಿನ ಹಳ್ಳಿಯಲ್ಲಿ ಸಿಕ್ಕಿದೆ. 1993ರಲ್ಲಿ ವೋಲ್ಫೆನ್‌ಶೀಸೆನ್ ಎಂಬ ಊರಿನಲ್ಲಿ ಅಣುತ್ಯಾಜ್ಯ ಹೂಳುವ ಪ್ರಸ್ತಾಪ ಬಂತು. ಬ್ರೂನೊ ಫ್ರೈ ಮತ್ತು ಫೆಲಿಕ್ಸ್ ಓಬರ್‌ಹೋಲ್ಟ್ಸರ್-ಗೀ ಎಂಬ ಅರ್ಥಶಾಸ್ತ್ರಜ್ಞರು ಊರವರನ್ನು ಕೇಳಿದರು: ಒಪ್ಪುತ್ತೀರಾ? ಶೇಕಡಾ 50.8 ಜನ ಒಪ್ಪಿದರು! ಯಾರಿಗೂ ಬೇಡವಾದ ವಿಷವನ್ನು ‘ದೇಶದಲ್ಲಿ ಎಲ್ಲಾದರೂ ಇಡಲೇಬೇಕಲ್ಲ’ ಎಂದು ಅರ್ಧ ಊರು ಒಪ್ಪಿತು. ಆಮೇಲೆ ಅದೇ ಪ್ರಶ್ನೆಗೆ ಒಂದು ಬಾಲ ಸೇರಿಸಿದರು: ಪ್ರತಿ ವರ್ಷ ನಿಮಗೆ ಪರಿಹಾರದ ಹಣ ಕೊಟ್ಟರೆ? ಹಣ ಸೇರಿದ ಮೇಲೆ ಒಪ್ಪಿಗೆ ಏರಬೇಕಿತ್ತು ತಾನೆ? ಶೇಕಡಾ 24.6ಕ್ಕೆ ಕುಸಿಯಿತು! ದುಡ್ಡಿನ ಮಾತು ಬಂದ ಕ್ಷಣ ಅದು ವ್ಯಾಪಾರವಾಯಿತು, ವ್ಯಾಪಾರವಾದ ಮೇಲೆ ಜನ ಲಾಭನಷ್ಟ ಎಣಿಸಿದರು.

ಈಗ ಬೆಳ್ಳೂರಿಗೆ ವಾಪಸು ಬನ್ನಿ. ಇಲ್ಲೂ ದುಡ್ಡು ಬಂದಿತ್ತು. ಗೂಡುಮರವಿರುವ ರೈತರಿಗೆ ಅರಣ್ಯ ಇಲಾಖೆ ಮರಕ್ಕಿಷ್ಟು ಎಂದು ಪರಿಹಾರ ಕೊಡಲು ಶುರುಮಾಡಿ ದಶಕಗಳಾದವು. ಆ ಹಣ ಸಾಲದು ಎಂಬ ಗೊಣಗಾಟವೂ ಇದೆ, ಇರಬೇಕಾದದ್ದೇ. ಸ್ವಿಸ್ ಲೆಕ್ಕದ ಪ್ರಕಾರ ಇಷ್ಟರಲ್ಲಿ ಇಲ್ಲಿನ ಅಕ್ಕರೆ ಬತ್ತಿಹೋಗಬೇಕಿತ್ತು. ಯಾಕೆ ಬತ್ತಲಿಲ್ಲ? ನನ್ನ ಊಹೆ ಇಷ್ಟು: ಸರ್ಕಾರ ಕೊಟ್ಟದ್ದು ಹುಣಸೆಹಣ್ಣಿನ ಬೆಲೆ. ಬಾಣಂತನದ ಬೆಲೆಯನ್ನು ಯಾರೂ ಕೊಡಲು ಹೋಗಲಿಲ್ಲ, ಯಾರೂ ಕೇಳಲೂ ಇಲ್ಲ.

ಇನ್ನೊಂದು ಅಧ್ಯಯನ ಇದಕ್ಕಿಂತ ಚುರುಕಾಗಿ ಕಚಗುಳಿ ಇಡುತ್ತದೆ. ಅಮೆರಿಕದಲ್ಲಿ ಏಡ್ಸ್ ರೋಗಿಗಳ ನೆರವಿಗೆ ನಿಂತ ಸ್ವಯಂಸೇವಕರನ್ನು ಆಲನ್ ಒಮೊಟೊ ಮತ್ತು ಮಾರ್ಕ್ ಸ್ನೈಡರ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಹಿಂಬಾಲಿಸಿ, 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಕಾಲ ಉಳಿದವರು ಯಾರು? ಲೋಕದ ಕಣ್ಣೀರು ಒರೆಸಲು ಬಂದ ತ್ಯಾಗಮೂರ್ತಿಗಳು ಎಂದುಕೊಂಡರೆ ತಪ್ಪು! ಏನಾದರೂ ಕಲಿಯಬೇಕು, ನನ್ನ ಮೇಲೆ ನನಗೇ ಗೌರವ ಬರಬೇಕು ಎಂದು ತಮ್ಮದೇ ಆಸೆ ಇಟ್ಟುಕೊಂಡು ಬಂದವರು! ನಿಸ್ವಾರ್ಥ ಸೇವೆ ಎಂದು ವೇದಿಕೆ ಮೇಲೆ ಶಾಲು ಹೊದಿಸಿ ಹಾಡಿಹೊಗಳುವ ನಮಗೆ ಇದು ಕಸಿವಿಸಿ ತರಬಹುದು. ನನಗಂತೂ ಸಮಾಧಾನವೇ ಆಯಿತು. ಊರಿನ ಹುಡುಗನೊಬ್ಬ ಮರಿಗೆ ಮೀನು ತಿನ್ನಿಸುತ್ತಾ ಹಕ್ಕಿಯ ವಿದ್ಯೆಯನ್ನೇ ಕಲಿಯುತ್ತಾನೆ. ದೂರದೂರದಿಂದ ಬಂದ ಓದಿದವರು ಅವನನ್ನು ಕೇಳಿ ಬರೆದುಕೊಳ್ಳುತ್ತಾರೆ. ಆ ಹೆಮ್ಮೆ ಅವನಿಗೆ ಬೇಡವೇ? ಬೇಕು, ಧಾರಾಳವಾಗಿ ಬೇಕು.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಬಳಗ ಹುಟ್ಟಿದ ಕಾಲ. ತಲೆಮಾರುಗಳ ಕಾಲ ಹಕ್ಕಿ ಇತ್ತು, ಊರಿತ್ತು, ಬಳಗ ಮಾತ್ರ ಇರಲಿಲ್ಲ. ಬೇಕಿರಲೂ ಇಲ್ಲ! ಹಿಕ್ಕೆ ಹೊಲಕ್ಕೆ ಬೇಕಿತ್ತು, ಮರ ಮನೆಗೆ ಬೇಕಿತ್ತು, ಹಕ್ಕಿಯನ್ನು ನೋಡಿಕೊಳ್ಳುವುದು ಯಾರೊಬ್ಬರಿಗೂ ‘ಸೇವೆ’ ಅನ್ನಿಸಿರಲಿಲ್ಲ. ಆಮೇಲೆ ಮೂಟೆಗೊಬ್ಬರ ಬಂತು, ಹಿಕ್ಕೆಯ ಮರ್ಯಾದೆ ತಗ್ಗಿತು. ಹಳೆಯ ಮರಗಳು ಕಡಿಮೆಯಾದವು. ಮನೆಗಳು ತಾರಸಿಯಾದವು, ತಾರಸಿ ಮೇಲೆ ಹಿಕ್ಕೆ ಬಿದ್ದರೆ ಸಿಡುಕು. ಕೊಡುಕೊಳ್ಳುವ ಹಳೆಯ ಲೆಕ್ಕ ಸಡಿಲವಾಗಿ, ಹಕ್ಕಿ ಎಲ್ಲರದೂ ಆಗಿದ್ದದ್ದು ಯಾರದೂ ಅಲ್ಲ ಎನ್ನುವ ಅಂಚಿಗೆ ಬಂದಾಗಲೇ ಹುಡುಗರು ಎದ್ದು ನಿಂತದ್ದು. ಒಗ್ಗಟ್ಟು ತುಂಬಿ ತುಳುಕುವ ಕಡೆ ಸ್ವಯಂಸೇವಕರು ಹುಟ್ಟುತ್ತಾರೆ ಎಂದು ನಾವು ನಂಬಿದ್ದೇವೆ. ಇಲ್ಲಿ ನೋಡಿದರೆ ತೇಪೆ ಬೇಕಾದ ಜಾಗದಲ್ಲಿ ಹುಟ್ಟಿದ್ದಾರೆ!

ಕಾನೂನು ಬಂದದ್ದು ಎಲ್ಲ ಆದ ಮೇಲೆ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, ಜನರ ಖಾಸಗಿ ನೆಲದಲ್ಲೇ ವನ್ಯಜೀವಿ ಕಾಪಾಡುವ ‘ಸಮುದಾಯ ಮೀಸಲು’ ಎಂಬ ಹೊಸ ಬಗೆ ಹುಟ್ಟಿತು. 2007ರಲ್ಲಿ ಕೊಕ್ಕರೆ ಬೆಳ್ಳೂರಿಗೆ ಆ ಪಟ್ಟ ಬಂತು.

ಆದರೆ ಹತ್ತು ವರ್ಷವಾಗುವಷ್ಟರಲ್ಲಿ ಒಂದು ಹೊಡೆತ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬೀಳತೊಡಗಿದವು. ಮರಿಗಳಲ್ಲ, ಬೆಳೆದ ಹಕ್ಕಿಗಳು. ಸತ್ತವುಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ಪರಾವಲಂಬಿ ಹುಳು. ಆ ಹುಳು ಬರುವುದು ಹಕ್ಕಿ ತಿನ್ನುವ ಮೀನಿನಿಂದ, ಮೀನಿಗೆ ಅದು ಹತ್ತುವುದು ಕೊಳಕು ನೀರಿನಲ್ಲಿ ಎಂಬ ಶಂಕೆಯಿದೆ. ಮರದಿಂದ ಬಿದ್ದ ಮರಿಯನ್ನು ಬಳಗ ಎತ್ತಿಕೊಳ್ಳಬಲ್ಲದು. ಹತ್ತಾರು ಮೈಲಿ ಸುತ್ತಲಿನ ಕೆರೆಗಳನ್ನು ತೊಳೆಯುವುದು ಒಂದು ಊರಿನ ಹುಡುಗರ ಕೈಯಲ್ಲಿಲ್ಲ. ಅದಕ್ಕೆ ಇಲಾಖೆಗಳಿವೆ, ಬಜೆಟ್ಟುಗಳಿವೆ, ಆ ಕೆರೆಗಳಿಗೆ ಚರಂಡಿ ತಿರುಗಿಸಿದ ಊರುಗಳಿವೆ. ಬಳಗವನ್ನು ಹೊಗಳಿ ಆ ಲೆಕ್ಕವನ್ನೂ ಅವರ ತಲೆಗೇ ಕಟ್ಟುವುದು ಅನ್ಯಾಯ.

ನೋಡಲು ಹೋಗುವಿರಾದರೆ ಜನವರಿಯಿಂದ ಮಾರ್ಚ್‌ವರೆಗೆ ಹೋಗಿ, ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಒಟ್ಟಿಗೇ ಕಾಣುತ್ತವೆ. ಹಾರುವ ಫೋಟೊ ಬೇಕೆಂದು ಚಪ್ಪಾಳೆ ತಟ್ಟಬೇಡಿ, ಗಾಬರಿಯಲ್ಲಿ ಹಕ್ಕಿ ಎದ್ದರೆ ಗೂಡಿನಲ್ಲಿರುವ ಮೊಟ್ಟೆಯೋ ಮರಿಯೋ ಕೆಳಗೆ ಬೀಳುತ್ತದೆ. ಮರಿಗಳ ಆವರಣ ಎಲ್ಲಿದೆ ಎಂದು ಊರಿನ ಯಾವ ಮಗುವನ್ನು ಕೇಳಿದರೂ ಕರೆದುಕೊಂಡು ಹೋಗಿ ತೋರಿಸುತ್ತದೆ. ಮರದಡಿ ನಿಲ್ಲುವ ಮುಂಚೆ ಮಾತ್ರ ತಲೆ ಮೇಲೊಂದು ಟವಲು ಹಾಕಿಕೊಳ್ಳಿ!