ಒಂಟಿಕೊಪ್ಪಲಿನಿಂದ ಎದ್ದ ದನಿ

ಮೂವತ್ತು ವ್ಯಾಟ್ ಎಂದರೆ ಎಷ್ಟು? ಹಳೇ ಮನೆಗಳ ಹಜಾರದಲ್ಲಿ ಹಳದಿ ಬೆಳಕು ಚೆಲ್ಲುತ್ತಿದ್ದ 60 ವ್ಯಾಟಿನ ಬಲ್ಬಿನ ಅರ್ಧ. ಅಷ್ಟು ಶಕ್ತಿಯ ಟ್ರಾನ್ಸ್‌ಮಿಟರ್ ಇಟ್ಟುಕೊಂಡು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನ ‘ವಿಠ್ಠಲ ವಿಹಾರ’ ಎಂಬ ಮನೆಯಿಂದ ಬಾನುಲಿ ಪ್ರಸಾರ ಶುರುವಾಯಿತು. ಮನೆಯ ಯಜಮಾನರು ಎಂಜಿನಿಯರಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ. ಮನಸ್ಸನ್ನು ಓದುವವರಿಗೆ ಕಿವಿಯ ಮೇಲೆ ಕಣ್ಣು ಬಿದ್ದದ್ದು ಸಹಜವೇ ಅನ್ನಿ.

ಮುಂಬಯಿ, ಕಲ್ಕತ್ತೆಗಳಲ್ಲಿ 1927ರಲ್ಲಿ ರೇಡಿಯೊ ಆರಂಭಿಸಿದ್ದ ಖಾಸಗಿ ಕಂಪನಿ ಮೂರೇ ವರ್ಷಕ್ಕೆ ಬಾಗಿಲು ಹಾಕಿತ್ತು. ಅದನ್ನು ಕಂಡೂ ಮೇಷ್ಟರೊಬ್ಬರು ಮನೆಯಲ್ಲೇ ನಿಲಯ ತೆರೆದರೆಂದರೆ ಆ ಧೈರ್ಯಕ್ಕೆ ಏನೆನ್ನೋಣ! ಮುಂದೆ 250 ವ್ಯಾಟಿನ ಯಂತ್ರ ಬಂತು.

ಆದರೆ ಯಂತ್ರಕ್ಕಿಂತ ಹೆಚ್ಚು ಬಾಳಿದ್ದು ಹೆಸರು: ಆಕಾಶವಾಣಿ. ಅದನ್ನು ಸೂಚಿಸಿದವರು ನಾ. ಕಸ್ತೂರಿ ಎಂಬುದು ಮೈಸೂರಿಗರು ಇಂದಿಗೂ ಹೆಮ್ಮೆಯಿಂದ ಹೇಳುವ ಮಾತು. ‘ಕೊರವಂಜಿ’ ಹಾಸ್ಯಪತ್ರಿಕೆಯ ಬರಹಗಳಿಂದ ಹೆಸರಾದ ಅದೇ ಕಸ್ತೂರಿ. ಹರಿಕಥೆ ಕೇಳಿ ಬೆಳೆದವರಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ತಂಗಿಯನ್ನು ರಥದಲ್ಲಿ ಕೂರಿಸಿಕೊಂಡು ಹೊರಟ ಕಂಸನಿಗೆ ಕೇಳಿಸಿದ್ದೂ ಅದೇ ತಾನೆ? ಮಾತಾಡುವವರು ಕಾಣುವುದಿಲ್ಲ, ಮಾತು ಮಾತ್ರ ಕಿವಿಗೆ ಬಂದು ತಾಕುತ್ತದೆ. ಕಂಸನಿಗೆ ಸಿಕ್ಕಿದ್ದು ದುರ್ವಾರ್ತೆ, ಮೈಸೂರಿಗೆ ಸಂಗೀತ.

ಸಂಬಳದ ಮೇಷ್ಟರು ಎಷ್ಟು ದಿನ ಈ ಭಾರ ಹೊತ್ತಾರು? 1941ರಲ್ಲಿ ನಿಲಯ ಪುರಸಭೆಯ ಪಾಲಾಯಿತು, ಮರುವರ್ಷ ಮೈಸೂರು ಸಂಸ್ಥಾನ ವಹಿಸಿಕೊಂಡಿತು. 1950ರ ಏಪ್ರಿಲ್‌ನಲ್ಲಿ ಆಲ್ ಇಂಡಿಯಾ ರೇಡಿಯೊದಲ್ಲಿ ವಿಲೀನ. 1955ರಲ್ಲಿ ನಿಲಯವೇ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೊರಟಿತು.

ಇಲ್ಲೊಂದು ತಮಾಷೆಯಿದೆ. ಇಡೀ ದೇಶದ ರೇಡಿಯೊಗೆ ‘ಆಕಾಶವಾಣಿ’ ಎಂದು ಹೆಸರಾದದ್ದು 1957ರಲ್ಲಿ. ಆಗ ಮೈಸೂರಿನಲ್ಲಿ ನಿಲಯವೇ ಇರಲಿಲ್ಲ! ಹೆಸರಿಟ್ಟ ಊರು ಪರ ಊರಿನ ದನಿಗಾಗಿ ಗುಂಡಿ ತಿರುಗಿಸುತ್ತ ಕೂತಿತ್ತು. ಒಂಟಿಕೊಪ್ಪಲಿನ ಪಕ್ಕದ ಯಾದವಗಿರಿಯಿಂದ ಮತ್ತೆ ಪ್ರಸಾರ ಕೇಳಿಸಲು 1974ರವರೆಗೆ ಕಾಯಬೇಕಾಯಿತು.

ಆ ಹೊಸ ನಿಲಯದ ಕಾಲಕ್ಕೆ ನಮ್ಮ ತಾತ ಅಂಚೆ ಕಚೇರಿಯಲ್ಲಿ ರೇಡಿಯೊ ಲೈಸೆನ್ಸಿನ ಹಣ ಕಟ್ಟಿ ಬಂದು, ಆ ಪುಟ್ಟ ಪುಸ್ತಕವನ್ನು ಪಡಿತರ ಚೀಟಿಯ ಜೊತೆಗೇ ಬೀರುವಿನಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಸ್ನಾನದ ನೀರು ಕಾಯುವ ಹೊತ್ತಿಗೆ ಗುಂಡಿ ತಿರುಗಿಸುವರು. ಕೊಂಚ ಗೊರಗೊರ, ಆಮೇಲೆ ನಿಲಯದ ಸಂಕೇತ ಸಂಗೀತ. ‘ಆಕಾಶವಾಣಿ, ಮೈಸೂರು’ ಎಂದದ್ದೇ ಅಜ್ಜಿ ಅಡುಗೆಮನೆಯಿಂದ ಕೂಗುವರು: ‘ಸ್ವಲ್ಪ ಜೋರಾಗಿಡಿ ಅಂದ್ರೆ!’

2023ರ ಮೇ ತಿಂಗಳಲ್ಲಿ ‘ಆಲ್ ಇಂಡಿಯಾ ರೇಡಿಯೊ’ ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಎಲ್ಲ ಕಡೆಯೂ ‘ಆಕಾಶವಾಣಿ’ ಎಂದೇ ಹೇಳಬೇಕೆಂದು ಪ್ರಸಾರ ಭಾರತಿಯ ಆದೇಶ ಬಂತು. ಒಂಟಿಕೊಪ್ಪಲಿನವರಿಗೆ ಅದು ಹಳೇ ಸುದ್ದಿ.