ಹಳೇ ಕಾರಿನ ಅಸಲಿ ಬಣ್ಣ ಎಲ್ಲಿದೆ?

ಹಳೇ ಅಂಬಾಸಿಡರಿಗೆ ಹುಟ್ಟುಬಣ್ಣವೇ ಬೇಕೆಂಬವರು ಬಾನೆಟ್ ನೋಡಿ ಡಬ್ಬಿ ತಂದರೆ ದುಡ್ಡು ನೀರಿಗೆ ಹೋದಂತೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಬಿಸಿಲುಂಡ ಬಾನೆಟ್ಟದು! ಕಾರ್ಖಾನೆಯನ್ನು ಕೇಳೋಣವೆಂದರೆ ಬಂಗಾಳದ ಉತ್ತರಪಾರಾದಲ್ಲಿ ಇದರ ತಯಾರಿಕೆ 2014ರಲ್ಲೇ ನಿಂತಿತು. ಆರ್.ಸಿ. ಪುಸ್ತಕ ‘ಬಿಳಿ’ ಎಂದೀತು, ಯಾವ ಬಿಳಿ?

ಬಾಗಿಲಿನ ರಬ್ಬರ್ ಬಿಚ್ಚಿ ನೋಡಬೇಕು, ಡ್ಯಾಶ್‌ಬೋರ್ಡಿನ ಅಡಿಗೆ ಇಣುಕಬೇಕು. ಬಿಸಿಲು ತಾಗದಲ್ಲಿ ಬಣ್ಣ ಉಳಿದಿರುತ್ತದೆ. ಹಿಂದಿನ ಮಾಲಕ ಮೇಲೆ ಮೇಲೆ ಬಳಿಸಿದ್ದನೋ? ವಾಟರ್ ಪೇಪರಿನಿಂದ ಸಣ್ಣಗೆ ಉಜ್ಜಿದರೆ ಪದರ ಪದರವಾಗಿ ಕಾಣುತ್ತದೆ. ಹಳೇದನ್ನು ಪೂರಾ ಕೆರೆಸಿರದಿದ್ದರೆ ಎಲ್ಲಕ್ಕೂ ಅಡಿಯ ಬಣ್ಣವೇ ಕಾರ್ಖಾನೆಯದು.

ಕಲಸಿದ ಬಣ್ಣವನ್ನು ಮೊದಲು ತಗಡಿನ ತುಂಡಿಗೆ ಹೊಡೆದು ಒಣಗಿಸಬೇಕು. ಹಸಿಯಲ್ಲೊಂದು, ಒಣಗಿದ ಮೇಲೊಂದು. ಟ್ಯೂಬ್‌ಲೈಟಿನಡಿ ಹೊಂದಿದ್ದು ಬಯಲಿಗೆ ತಂದರೆ ಬೇರೆ! ರಬಕವಿ-ಬನಹಟ್ಟಿಯಲ್ಲಿ ಸೀರೆ ಕೊಳ್ಳುವವರು ಅಂಗಡಿ ಬಾಗಿಲಿಗೆ ತಂದು ನೋಡೂದು ಇದಕ್ಕೇ ಅಲ್ಲೇನ್ರಿ?